ಕತ್ತಲೆಯಲ್ಲಿ ತೆರೆದ ಶಾಲೆ

ಫಿನ್ಲೆಂಡಿನ ಉತ್ತರ ತುದಿಯ ಉಟ್ಸ್ಯೋಕಿಯಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯೋದಯವೇ ಇಲ್ಲ. ಕ್ರಿಸ್ಮಸ್ ರಜೆಯ ಮಾತು ಬೇರೆ. ಕತ್ತಲೆಯೆಂದು ಅಲ್ಲಿನ ಸಾರ್ವಜನಿಕ ಶಾಲೆ ಮುಚ್ಚುವುದಿಲ್ಲ. ಏಳನೆಯ ವಯಸ್ಸಿಗೆ ಒಂದನೆಯ ತರಗತಿ ಸೇರುವ ಮಗುವೂ ಕತ್ತಲಲ್ಲೇ ಬರುತ್ತದೆ. ವಾಹನದ ಬೆಳಕು ಬಿದ್ದೊಡನೆ ಹೊಳೆಯುವಂತೆ ಉಡುಪಿಗೆ ತೂಗುಹಾಕಿದ ಬಿಲ್ಲೆಯೇ ದಾರಿಯಲ್ಲಿ ಅದರ ರಕ್ಷೆ.

ಆ ದೇಶದ ಶಾಲೆಗಳಲ್ಲಿ 45 ನಿಮಿಷಗಳ ಪಾಠಕ್ಕೆ ಸಾಮಾನ್ಯವಾಗಿ 15 ನಿಮಿಷಗಳ ಬಿಡುವು. ಉಷ್ಣತೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿದರೂ ಮಕ್ಕಳು ಬಯಲಿನಲ್ಲೇ ಆಡುತ್ತಾರೆ. ನಮ್ಮ ತಾಯಂದಿರು ಕೇಳಿದರೆ ಗಾಬರಿಪಟ್ಟಾರು! ಆದರೆ ಪದರಪದರವಾಗಿ ಉಡುಪು ತೊಡುವುದು, ಒದ್ದೆಯಾದ ಕೈಗವಸನ್ನು ಒಣಗಿಸಿಕೊಳ್ಳುವುದು ಇವೂ ಅಲ್ಲಿ ವಿದ್ಯೆಯೇ. ವ್ಯಾಯಾಮದ ಅವಧಿಯಲ್ಲಿ ಹಿಮದ ಮೇಲೆ ಸ್ಕೀ ಓಟವನ್ನೂ ಕಲಿಸುತ್ತಾರೆ.

ಮಧ್ಯಾಹ್ನದ ಬಿಸಿಯೂಟ ಎಲ್ಲರಿಗೂ ಉಚಿತ. ಯುದ್ಧಕಾಲದಲ್ಲಿ, 1943ರಲ್ಲಿ, ಆದ ಕಾನೂನು 1948ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಆ ಕೊರತೆಯ ದಿನಗಳಲ್ಲಿ ಮಕ್ಕಳೇ ಕಾಡಿನ ಹಣ್ಣುಗಳನ್ನು ಆಯ್ದು ಶಾಲೆಯ ಅಡುಗೆಮನೆಗೆ ತಂದುಕೊಡುತ್ತಿದ್ದರು.