ಗುರುಗುಟ್ಟುವುದನ್ನು ಬಿಟ್ಟ ನಾಯಿ

ಕೆಂಚನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ನಾವು ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆವು: 'ಈಗ ಬೇರೆ ನಾಯಿ ಕಂಡರೆ ಗುರ್ ಅನ್ನೋದೇ ಇಲ್ಲ.' ಅವನು ಬೀದಿಯಲ್ಲಿ ಹುಟ್ಟಿದ ನಾಟಿ ನಾಯಿ. ವರ್ಷ ತುಂಬಿದಾಗಿನಿಂದ ಗೊತ್ತಿಲ್ಲದ ನಾಯಿ ಎದುರಾದರೆ ಗುರುಗುಟ್ಟುತ್ತಿದ್ದ. ಮನೆಗೆ ಬಂದು ತರಬೇತಿ ಕೊಡುತ್ತಿದ್ದವರೊಬ್ಬರು, ಎಳೆದರೆ ಕೊರಳು ಬಿಗಿಯುವ ಚೈನ್ ಹಾಕಿಸಿ, ಸದ್ದು ಬಂದಾಗಲೆಲ್ಲ ಒಮ್ಮೆ ಜಗ್ಗಿ ಎಂದರು. ಜಗ್ಗಿದೆವು. ಮೂರು ವಾರಕ್ಕೆ ಸದ್ದು ಅಡಗಿತು. ಆಮೇಲೊಂದು ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದರೆ ಒಳಗೊಂದು ಬೀಗಲ್ ನಾಯಿ. ಕೆಂಚ ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ತೆರೆದಿದ್ದ ಬಾಯಿ ಮುಚ್ಚಿತು, ಮೈ ಸೆಟೆಯಿತು, ಕಣ್ಣಿನ ಬಿಳಿ ಅಂಚು ಕಂಡಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಮರುಕ್ಷಣ ಬೀಗಲ್‌ನ ಕಿವಿ ಅವನ ಹಲ್ಲಿನ ನಡುವೆ ಇತ್ತು. ಬಿಡಿಸಲು ಹೋದ ನನ್ನ ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲಿನ ಗುರುತು ಇನ್ನೂ ಇದೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಗಾದೆ. ಪೂರ್ತಿ ನಿಜವಲ್ಲ, ಆದರೆ ಅದರೊಳಗೊಂದು ವಿವೇಕವಿದೆ: ಸದ್ದು ಮಾಡುವ ನಾಯಿ ಇನ್ನೂ ಮಾತಾಡುತ್ತಿದೆ. 'ದೂರ ಇರು' ಎನ್ನುತ್ತಿದೆ. ನಾವು ಆ ಮಾತನ್ನು ಕಿತ್ತುಕೊಂಡೆವು, ಹೆದರಿಕೆಯನ್ನು ಹಾಗೇ ಒಳಗೆ ಉಳಿಸಿದೆವು. ಪ್ರತಿ ಸಲ ಕೊರಳು ಬಿಗಿದಾಗ ಎದುರಿಗೆ ಇದ್ದದ್ದು ಇನ್ನೊಂದು ನಾಯಿ. ಕೆಂಚ ಕಲಿತ ಪಾಠ ಇಷ್ಟೇ: ನಾಯಿ ಕಂಡರೆ ನೋವು ಗ್ಯಾರಂಟಿ.

ಇದಕ್ಕೆ ಲೆಕ್ಕವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಆಸ್ಪತ್ರೆಗೆ ನಡವಳಿಕೆಯ ತೊಂದರೆ ಹೇಳಿಕೊಂಡು ಬಂದ 140 ನಾಯಿ ಮಾಲೀಕರನ್ನು ಮೆಘನ್ ಹೆರಾನ್ ಮತ್ತು ಸಂಗಡಿಗರು ಪ್ರಶ್ನಿಸಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ. 43ರಷ್ಟು ಮಂದಿಯ ನಾಯಿ ತಿರುಗಿಬಿದ್ದಿತ್ತು. ಅಂಗಾತ ಕೆಡವಿ ಒತ್ತಿ ಹಿಡಿದವರಲ್ಲಿ ಶೇ. 31. ಬರಿದೇ ದಿಟ್ಟಿಸಿ ನೋಡಿ ಹೆದರಿಸಲು ಹೋದವರಲ್ಲೂ ಶೇ. 30. ಈ ಅಂಗಾತ ಕೆಡವುವ ಪದ್ಧತಿಯ ಹಿಂದೆ, ಕಾದಾಡಿ ಗೆದ್ದು ಹಿಂಡನ್ನು ಆಳುವ 'ಯಜಮಾನ ತೋಳ'ದ ಕಲ್ಪನೆಯಿದೆ. ಅದರ ಬೇರು 1947ರಷ್ಟು ಹಳೆಯದು. ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಅದನ್ನು ಬರೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ ತೋಳ ಸಂಶೋಧಕ ಡೇವಿಡ್ ಮೀಚ್ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಕಳೆದು, ಹಿಂಡು ಅಂದರೆ ತಂದೆ ತಾಯಿ ಮಕ್ಕಳ ಸಂಸಾರ, ಗದ್ದುಗೆ ಕಾಳಗವಲ್ಲ ಎಂದು 1999ರಲ್ಲಿ ತಾವೇ ತಿದ್ದಿದರು. ತಿದ್ದುಪಡಿ ನಮ್ಮ ಬಡಾವಣೆಗಳಿಗೆ ಇನ್ನೂ ತಲುಪಿಲ್ಲ. ಚೈನ್ ಮಾತ್ರ ತಲುಪಿದೆ.

ಮುಂದೆ ಕಾದಿರುವ ಅಪಾಯ ಚೈನಿಗಿಂತಲೂ ಮೊದಲು, ಮರಿ ಮನೆಗೆ ಬಂದ ದಿನವೇ ಶುರುವಾಗುತ್ತದೆ. 1961ರಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಮೂವರು ಸಂಶೋಧಕರು ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆ ಬೇರೆ ವಾರಗಳಲ್ಲಿ ಮನುಷ್ಯರ ಹತ್ತಿರ ತಂದರು. 14 ವಾರದವರೆಗೆ ಮನುಷ್ಯರನ್ನು ಕಾಣದ ಮರಿಗಳು ಆಮೇಲೆ ಕಾಡುಪ್ರಾಣಿಯಂತೆ ಹೆದರಿ ಓಡಿದವು. ನಾಯಿಮರಿಯ ಮಿದುಳಿನಲ್ಲಿ ಸುಮಾರು 3ನೇ ವಾರ ತೆರೆಯುವ ಬಾಗಿಲೊಂದು 12ರಿಂದ 14ನೇ ವಾರದ ಹೊತ್ತಿಗೆ ಮುಚ್ಚುತ್ತ ಬರುತ್ತದೆ. ಆ ಅವಧಿಯಲ್ಲಿ ಕಂಡದ್ದು, ಮೂಸಿದ್ದು ಲೋಕದ ಸಹಜ ಭಾಗ. ಆಮೇಲೆ ಕಂಡದ್ದು ಅನುಮಾನದ ವಸ್ತು. ಮನುಷ್ಯರ ವಿಷಯದಲ್ಲಿ ಹೇಗೋ, ಬೇರೆ ನಾಯಿಗಳ ವಿಷಯದಲ್ಲೂ ಹಾಗೆಯೇ.

ಈಗ ನಮ್ಮ ಕ್ಯಾಲೆಂಡರ್ ನೋಡಿ. ಡಿಸೆಂಬರ್ ನಡುವೆ, ಚಳಿಯಲ್ಲಿ ಹುಟ್ಟಿದ ಮರಿಯನ್ನು ಸಂಕ್ರಾಂತಿ ಕಳೆದ ಮೇಲೆ ಮನೆಗೆ ತರುತ್ತೇವೆ. 'ಎಲ್ಲ ಲಸಿಕೆ ಮುಗಿಯೋವರೆಗೂ ಹೊರಗೆ ಬಿಡಬೇಡಿ' ಎಂಬ ಎಚ್ಚರಿಕೆ ಸಿಗುತ್ತದೆ. ಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸಿನ ಭಯ ಸುಳ್ಳಲ್ಲ. ಲಸಿಕೆ ಮುಗಿದು ಮರಿ ಹೊಸಿಲು ದಾಟುವ ಹೊತ್ತಿಗೆ ಯುಗಾದಿ ಬಂದಿರುತ್ತದೆ, ಆ ಬಾಗಿಲು ಮುಚ್ಚಿರುತ್ತದೆ. ತಮಾಷೆಯೆಂದರೆ ಮರಿ ಆಗ ಬಲು ಮುದ್ದಾಗಿಯೇ ಇರುತ್ತದೆ. ತೊಂದರೆ ಮೇಲೆ ಬರುವುದು ಒಂದರಿಂದ ಮೂರು ವರ್ಷದ ನಡುವೆ, ನಾಯಿ ಬುದ್ಧಿ ಬಲಿತು ದೊಡ್ಡದಾದಾಗ. ಅಷ್ಟು ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ. 'ಇದ್ದಕ್ಕಿದ್ದಂತೆ ಹೀಗಾಗಿಬಿಟ್ಟ' ಎನ್ನುತ್ತೇವೆ. ನಾವೂ ಅಂದಿದ್ದೆವು.

ಪಶುವೈದ್ಯ ನಡವಳಿಕೆ ತಜ್ಞರ ಅಮೆರಿಕದ ಸಂಘ 2008ರಲ್ಲೇ ಒಂದು ಹೇಳಿಕೆ ಹೊರಡಿಸಿತ್ತು: ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಮೊದಲ ಕಾರಣ ಸೋಂಕುರೋಗವಲ್ಲ, ನಡವಳಿಕೆಯ ತೊಂದರೆ. ಅಲ್ಲಿ ಅಂಥ ನಾಯಿಗಳನ್ನು ಆಶ್ರಯಧಾಮಕ್ಕೆ ಬಿಡುತ್ತಾರೆ, ಕೊಲ್ಲಿಸುತ್ತಾರೆ. ಇಲ್ಲಿ ರಾತ್ರಿ ಕಾರಿನಲ್ಲಿ ಒಯ್ದು ಹೆದ್ದಾರಿ ಪಕ್ಕ ಇಳಿಸಿ ಬರುತ್ತಾರೆ. ಮೊದಲ ಲಸಿಕೆಯಾಗಿ ವಾರ ಕಳೆದರೆ ಮರಿಗೆ ಹೊರಗಿನ ಪರಿಚಯ ಶುರು ಮಾಡಬಹುದು ಎಂದು ಅದೇ ಸಂಘ ಹೇಳುತ್ತದೆ. ಅಲ್ಲಿನ ಮಾತನ್ನು ನಮ್ಮ ಬೀದಿಗೆ ಹಾಗೇ ತಂದು ಹಾಕಲು ನನಗೆ ಧೈರ್ಯವಿಲ್ಲ. ನಮ್ಮಲ್ಲಿ ಪಾರ್ವೊ ಮೂಲೆಮೂಲೆಯಲ್ಲಿದೆ. ಆದರೆ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಮಾರ್ಕೆಟ್ ತೋರಿಸಬಹುದು. ಲಸಿಕೆಯಾದ ಸೌಮ್ಯ ನಾಯಿಯಿರುವ ಸ್ನೇಹಿತರ ಮನೆಯಲ್ಲಿ ಅರ್ಧ ಗಂಟೆ ಆಡಲು ಬಿಡಬಹುದು. ನೆಲಕ್ಕೆ ಬಿಡದೆಯೂ ಲೋಕ ತೋರಿಸಲು ಬರುತ್ತದೆ.

ಬ್ರಿಟನ್ನಿನಲ್ಲಿ ರೇಚಲ್ ಕೇಸಿ ತಂಡ ನಡೆಸಿದ ಸಮೀಕ್ಷೆಯಲ್ಲಿ (2013) ವಾಕಿಂಗ್ ಹೋದಾಗ ಅಪರಿಚಿತ ನಾಯಿಗಳ ಮೇಲೆ ಸಿಟ್ಟು ತೋರುವ ನಾಯಿಗಳು ಶೇ. 22 ಎಂದು ಮಾಲೀಕರೇ ಹೇಳಿದ್ದರು. ಅದು ಬೀದಿನಾಯಿಗಳು ಇಲ್ಲವೇ ಇಲ್ಲ ಎನ್ನಬಹುದಾದ ದೇಶ. ಬೆಂಗಳೂರಿನಲ್ಲಿ ಆಗಿನ ಪಾಲಿಕೆ ಬಿಬಿಎಂಪಿಯ 2023ರ ಎಣಿಕೆಯಂತೆ ಬೀದಿನಾಯಿಗಳೇ ಸುಮಾರು 2.79 ಲಕ್ಷ ಇದ್ದವು. ಅಂದರೆ ಹಗ್ಗದಲ್ಲಿರುವ ನಮ್ಮ ನಾಯಿಗೆ ಪ್ರತಿ ತಿರುವಿನಲ್ಲೂ ಹಗ್ಗವಿಲ್ಲದ ಅಪರಿಚಿತರು. ಓಡಿಹೋಗಲು ದಾರಿಯಿಲ್ಲ, ಮೂಸಿ ಪರಿಚಯ ಮಾಡಿಕೊಳ್ಳಲು ಹಗ್ಗ ಬಿಡುವುದಿಲ್ಲ. ಉಳಿದದ್ದು ಹಲ್ಲು. ಹಗ್ಗದಲ್ಲಿದ್ದಾಗ ಬೇರೆ ನಾಯಿಗಳ ಮೇಲೆ ಹಾಯುವ ನಾಯಿಗಳ ರಕ್ತದಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಿರುವುದನ್ನು ಅರಿಜೋನಾ ವಿಶ್ವವಿದ್ಯಾಲಯದ ಇವಾನ್ ಮ್ಯಾಕ್ಲೀನ್ ತಂಡ 2017ರಲ್ಲಿ ತೋರಿಸಿತು. ಇದು ಹಟವಲ್ಲ, ಪೊಗರಲ್ಲ. ಮೈಯೊಳಗೇ ಏನೋ ಕುದಿಯುತ್ತಿರುತ್ತದೆ.

ತಳಿಯ ಮೇಲೆ ತಪ್ಪು ಹೊರಿಸುವುದು ಸುಲಭ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಪಟ್ಟಿ ಉಳಿದಿದ್ದರೂ ಕೆಂಚ ಅದರಲ್ಲಿ ಸಿಗುತ್ತಿರಲಿಲ್ಲ.

ಲಿಫ್ಟಿನ ಘಟನೆಯ ನಂತರ ನಾವು ಮೊದಲು ಮಾಡಿದ್ದು ಪಶುವೈದ್ಯರಿಗೆ ತೋರಿಸಿದ್ದು. ನಡವಳಿಕೆ ಕೆಟ್ಟ ನಾಯಿಗಳಲ್ಲಿ ಕಡಿಮೆಯೆಂದರೂ ಮೂರನೇ ಒಂದು ಪಾಲಿಗೆ ಎಲ್ಲೋ ನೋವಿರುತ್ತದೆ ಎಂದು ಬ್ರಿಟನ್ನಿನ ಡೇನಿಯಲ್ ಮಿಲ್ಸ್ ಮತ್ತಿತರರು 2020ರಲ್ಲಿ ಬರೆದಿದ್ದಾರೆ: ಸೊಂಟ, ಕಿವಿ, ಹಲ್ಲು. ಕೆಂಚನಿಗೆ ಅಂಥದ್ದೇನೂ ಇರಲಿಲ್ಲ. ಚೈನ್ ಕಸಕ್ಕೆ ಹೋಯಿತು, ಎದೆಗೆ ಕಟ್ಟುವ ಹಾರ್ನೆಸ್ ಬಂತು. ಕಣದ ಎತ್ತಿಗೆ ಕಟ್ಟುವ ಕುಕ್ಕೆಯ ಹಾಗೆ, ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವ ಬುಟ್ಟಿಯಂಥ ಮಜಲ್ ಬಂತು. ಮಜಲ್ ಕಂಡು ಜನ ದೂರ ಸರಿದದ್ದು ಅನಿರೀಕ್ಷಿತ ಲಾಭ.

ಆಮೇಲೆ ದೂರದ ಲೆಕ್ಕ. ಇನ್ನೊಂದು ನಾಯಿ ಕಂಡರೂ ಕೆಂಚ ಕೈಯಿಂದ ತಿನಿಸು ತೆಗೆದುಕೊಳ್ಳಬಲ್ಲ ದೂರ ಎಷ್ಟು? ಮೊದಮೊದಲು ಇಡೀ ಮೈದಾನದಷ್ಟು ಅಗಲ. ಅಲ್ಲಿ ನಿಂತು, ನಾಯಿ ಕಂಡ ಕೂಡಲೇ ಬೇಯಿಸಿದ ಕೋಳಿಯ ಚೂರು. ನಾಯಿ ಮರೆಯಾದರೆ ಕೋಳಿಯೂ ಮರೆ. ಕ್ರಮ ತಪ್ಪಬಾರದು, ಮೊದಲು ನಾಯಿ, ಆಮೇಲೆ ಕೋಳಿ. ತಿನ್ನುವುದನ್ನು ನಿಲ್ಲಿಸಿದರೆ ನಾವು ಹತ್ತಿರ ಬಂದಿದ್ದೇವೆ ಎಂದರ್ಥ. ತಪ್ಪು ನಮ್ಮದು, ಹಿಂದೆ ಸರಿಯಬೇಕು. ತಿಂಗಳುಗಟ್ಟಲೆ ಹಿಡಿಯಿತು. ಕೆಟ್ಟ ದಿನಗಳೂ ಬಂದವು: ದೀಪಾವಳಿ ಪಟಾಕಿಯ ಮರುದಿನ ಎಲ್ಲ ಮೊದಲಿಗೇ ಬಂದಂತಾಗಿತ್ತು.

ನಾಯಿಗಳ ನಡುವೆ ಜಗಳ ಹತ್ತಿಯೇ ಬಿಟ್ಟರೆ ಕೈ ಹಾಕಬೇಡಿ. ನೀರು ಎರಚಿ, ನಡುವೆ ಛತ್ರಿ ಬಿಚ್ಚಿ, ಹಲಗೆ ತೂರಿಸಿ. ಹಲ್ಲು ತಾಗಿದರೆ, ಅದು ನಿಮ್ಮದೇ ನಾಯಿಯಾದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಬೀದಿನಾಯಿ ಕಚ್ಚಿದ ಸಾಕುನಾಯಿಗೂ ಲಸಿಕೆ ಬೇಕು, ಹಿಂದೆ ಹಾಕಿಸಿದ್ದರೂ ಸರಿಯೇ.

ಕೆಂಚನಿಗೆ ಈಗ ಏಳು ವರ್ಷ. ಕಳೆದ ವಾರ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರದೋ ಹೊಸ ಲ್ಯಾಬ್ರಡಾರ್ ಇತ್ತು. ಕೆಂಚ ಗುರುಗುಟ್ಟಿದ. 'ಸರಿ ಕಣೋ' ಅಂದು ಮೆಟ್ಟಿಲಲ್ಲಿ ಇಳಿದು ಹೋದೆವು.