ಹಳೆ ಅಂಬಾಸಿಡರಿನ ಹೆಡ್ ತೇಯಿಸುವ ಮುನ್ನ



ಸಂಘದ ಕಳೆದ ಸಭೆ ಮುಗಿದು ಚಹಾ ಕುಡಿಯುವಾಗ ತಾಂಡೂರಿನ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ತಂದೆಯವರ ಕಾಲದ ಪೆಟ್ರೋಲ್ ಅಂಬಾಸಿಡರಿನ ಇಂಜಿನ್ ಬಿಚ್ಚಿಸಿದ್ದಾರೆ. ಹೆಡ್ಡನ್ನು 3 ಮಿ.ಮೀ. ತೇಯಿಸಿದರೆ ಗಾಡಿ ಸ್ಪೋರ್ಟ್ಸ್ ಕಾರಿನ ಹಾಗೆ ಓಡುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಜಹೀರಾಬಾದ್, ನಾರಾಯಣಖೇಡದ ಕಡೆಯೂ ಇಂಥ ಹಳೆ ಗಾಡಿ ಉಳಿಸಿಕೊಂಡವರು ಇದ್ದಾರೆ. ಅದಕ್ಕೇ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಅಂಬಾಸಿಡರಿನ ಹಳೆಯ 1489 ಸಿಸಿ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ‘ಬಿ ಸೀರೀಸ್’ ವಂಶದ್ದು. 1955ರಲ್ಲಿ ಬಂದ ಎಂಜಿಎ ಎಂಬ ಚೆಂದದ ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1489 ಸಿಸಿ ಇಂಜಿನ್ ಇತ್ತು. ಎಂಜಿಎದಲ್ಲಿ ಕಂಪ್ರೆಶನ್ 8.3. ನಮ್ಮ ಕಡೆ ಆಗ ಸಿಗುತ್ತಿದ್ದ ಕಡಿಮೆ ಆಕ್ಟೇನ್ ಪೆಟ್ರೋಲಿಗೆ ಒಗ್ಗುವುದು 7.2.

ಈ ಅಂಕಿ ಏನು? ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗವನ್ನು, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದು. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗ 372 ಸಿಸಿ. 7.2 ಬರಬೇಕಾದರೆ ಮೇಲೆ 60 ಸಿಸಿ ಉಳಿಯಬೇಕು, 8.3ಕ್ಕೆ 51 ಸಿಸಿ. ಅಂದರೆ ವ್ಯತ್ಯಾಸ ಬರೀ 9 ಸಿಸಿ, ಎರಡು ಟೀ ಚಮಚೆಗೂ ಕಡಿಮೆ!

ಲಾಭ ಎಷ್ಟು? ಸಿದ್ಧಾಂತದ ಲೆಕ್ಕದಲ್ಲಿ 7.2ರಿಂದ 8.3ಕ್ಕೆ ಏರಿದರೆ ಶೇ. 4ರಿಂದ 5ರಷ್ಟು ಹೆಚ್ಚು ಕಸುವು. ಅಲ್ಲಿಂದ 9ಕ್ಕೆ ಹೋದರೆ ಮತ್ತೆ ಶೇ. 2ರ ಆಸುಪಾಸು. ಎಂಜಿಎಗೆ 68, ಆಮೇಲೆ 72 ಎಚ್.ಪಿ. ಬಂದದ್ದು ಕಂಪ್ರೆಶನ್ ಒಂದರಿಂದಲೇ ಅಲ್ಲ, ಅದಕ್ಕೆ ಎರಡು ಎಸ್‌ಯು ಕಾರ್ಬುರೇಟರುಗಳಿದ್ದವು. ಹೆಡ್ ತೇಯಿಸಿದ ಮಾತ್ರಕ್ಕೆ ಅಂಬಾಸಿಡರ್ ಎಂಜಿಎ ಆಗುವುದಿಲ್ಲ.

ಅಪಾಯ ನಾಕಿಂಗಿನಲ್ಲಿದೆ. ಒತ್ತಡ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಸ್ಪಾರ್ಕಿನಿಂದ ಹೊತ್ತಿಕೊಂಡ ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಎಳೆಸಿದಾಗ ಕೇಳುವ ಕಟಕಟ ಸದ್ದು ಅದೇ. ಹಾಗೇ ಓಡಿಸಿದರೆ ಪಿಸ್ಟನ್ ತೂತು ಬೀಳಬಹುದು. ನಮ್ಮ ಮೇ ತಿಂಗಳ ಬಿಸಿಲು ಇದಕ್ಕೆ ಇನ್ನಷ್ಟು ಒತ್ತಾಸೆ.

ಈಗಿನ ಸಾದಾ ಪೆಟ್ರೋಲಿನ ಆಕ್ಟೇನ್ ಆಗಿನದಕ್ಕಿಂತ ಹೆಚ್ಚು, ಅದರಲ್ಲಿ ಬೆರೆಸುವ ಎಥನಾಲ್ ನಾಕಿಂಗ್ ತಡೆಯುತ್ತದೆ ಕೂಡ. (ಕಬ್ಬಿನ ಸೀಮೆಯವರಾದ ನಮಗೆ ಎಥನಾಲ್ ಪರಿಚಯಿಸಬೇಕಿಲ್ಲ.) ಆದರೆ ಅದು ಹಳೆ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಮಿಶ್ರಣವೂ ತೆಳುವಾಗುತ್ತದೆ, ಅದಕ್ಕಾಗಿ ಕಾರ್ಬುರೇಟರ್ ಸರಿಹೊಂದಿಸಬೇಕು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಇರುವುದರಿಂದ, ಹೆಡ್ ಬಿಚ್ಚಿದಾಗಲೇ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಕೂರಿಸಿಬಿಡುವುದು ಒಳ್ಳೆಯದು.

ನಮ್ಮ ಅಭಿಪ್ರಾಯ: 8.3ರವರೆಗೆ ಸರಿ, 9ರ ಆಸೆ ಬೇಡ. ಅದೂ ತೇಯಿಸಿ ಅಲ್ಲ. ಬೋರ್ 73 ಮಿ.ಮೀ., ಅದರ ಪೂರ್ತಿ ವೃತ್ತದ ಲೆಕ್ಕ ಹಿಡಿದರೂ 9 ಸಿಸಿಗೆ 2 ಮಿ.ಮೀ. ಮೀರುತ್ತದೆ. ಹೆಡ್ಡಿನ ಗುಂಡಿ ಬೋರಿಗಿಂತ ಚಿಕ್ಕದು, ಆದ್ದರಿಂದ ಇನ್ನೂ ಹೆಚ್ಚು ತೆಗೆಯಬೇಕು. ಹೆಡ್ ಅಷ್ಟು ತೆಳುವಾದರೆ ಪುಶ್‌ರಾಡುಗಳು ಉದ್ದವಾಗಿ ರಾಕರಿನ ಲೆಕ್ಕ ತಪ್ಪುತ್ತದೆ. ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲಾಗುವುದಿಲ್ಲ, ಇನ್ನೊಂದು ಹೆಡ್ ಸಿಗುವುದೂ ಈಗ ಸುಲಭವಲ್ಲ. ತಲೆಯ ತಗ್ಗು ಕಡಿಮೆ ಇರುವ ಪಿಸ್ಟನ್ ಹುಡುಕಿ ಹಾಕಿಸುವುದೇ ಸರಿಯಾದ ದಾರಿ. ಹೆಡ್ ಸೊಟ್ಟಗಿದ್ದರೆ ಮಟ್ಟವಾಗುವಷ್ಟು ಮಾತ್ರ ತೇಯಿಸಿ.

ಯಾವುದಕ್ಕೂ ಮೊದಲು ಅಳೆಯಿರಿ, ಹಿಂದೆ ಯಾರೋ ಒಮ್ಮೆ ತೇಯಿಸಿದ್ದಿರಲೂಬಹುದು. ವಾಲ್ವು, ಪ್ಲಗ್ ಹಾಕಿದ ಹೆಡ್ಡನ್ನು ಮಗುಚಿಟ್ಟು, ಗುಂಡಿಯ ಬಾಯಿಗೆ ಗ್ರೀಸ್ ಸವರಿ ತೂತಿರುವ ಅಕ್ರಿಲಿಕ್ ಹಾಳೆ ಮುಚ್ಚಿ. ತೂತಿನಿಂದ ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿಸಿ, ಎಷ್ಟು ಸಿಸಿ ಹಿಡಿಯಿತೆಂದು ಬರೆದುಕೊಳ್ಳಿ. ಅದಕ್ಕೆ ಗ್ಯಾಸ್ಕೆಟ್ಟಿನ ಮತ್ತು ಪಿಸ್ಟನ್ ತಗ್ಗಿನ ಜಾಗ ಕೂಡಿಸಿದರೆ ನಿಮ್ಮ ಗಾಡಿಯ ನಿಜವಾದ ಅಂಕಿ ಸಿಗುತ್ತದೆ. ತಾಂಡೂರಿನ ಸದಸ್ಯರು ಆ ಚೀಟಿಯನ್ನು ಮುಂದಿನ ಸಭೆಗೆ ತಂದರೆ ಲೆಕ್ಕವನ್ನು ಕೂತು ಮಾಡೋಣ. ಅಲ್ಲಿಯವರೆಗೆ ಹೆಡ್ ಮನೆಯಲ್ಲೇ ಇರಲಿ.