ಹಾವು ಕಡಿತದ ಭೀತಿಲಕ್ಷಣಗಳು

ಹಾವು ಕಡಿತದ ಭೀತಿಲಕ್ಷಣಗಳು ಎಂದರೆ, ದೇಹಕ್ಕೆ ವಿಷ ಸೇರದಿದ್ದರೂ ಹಾವು ಕಡಿದಿದೆ ಎಂಬ ಭಯದಿಂದಲೇ ವ್ಯಕ್ತಿಯಲ್ಲಿ ಉಂಟಾಗುವ ನೈಜ ದೈಹಿಕ ತೊಂದರೆಗಳು. ಮನಸ್ಸು ದೇಹದ ಮೇಲೆ ಬೀರುವ ಪ್ರಭಾವಕ್ಕೆ ಗ್ರಾಮೀಣ ಕರ್ನಾಟಕದಲ್ಲಿ ಕಾಣಸಿಗುವ ಸ್ಪಷ್ಟ ಉದಾಹರಣೆಗಳಲ್ಲಿ ಇದೂ ಒಂದು. ವೇದಾಂತದ ರಜ್ಜು-ಸರ್ಪ ದೃಷ್ಟಾಂತದಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸುವುದು ತಿಳಿವಿನ ದೋಷ; ಇಲ್ಲಿ ಅಂತಹ ಭ್ರಮೆಯೇ ನಾಡಿ, ಉಸಿರು, ರಕ್ತದೊತ್ತಡಗಳನ್ನು ಬದಲಿಸುತ್ತದೆ.

ಹಿನ್ನೆಲೆ

ಹಾಸನ ಜಿಲ್ಲೆಯ ಅರಸೀಕೆರೆಯ ತೆಂಗಿನ ತೋಟ, ರಾಗಿ ಹೊಲಗಳಲ್ಲಿಯೂ ಬೇಲೂರಿನ ಕಾಫಿ ತೋಟಗಳಲ್ಲಿಯೂ ಹಳೇಬೀಡಿನ ಕೆರೆ ಬಯಲಿನಲ್ಲಿಯೂ ದುಡಿಯುವವರಿಗೆ ಹಾವು ನಿತ್ಯದ ಸಂಗತಿ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವುಗಳು ವಿಷಯುಕ್ತ. ಕೇರೆಹಾವು, ನೀರುಹಾವುಗಳು ನಿರಪಾಯಕಾರಿ. ಮುಸ್ಸಂಜೆಯ ಗದ್ದೆಬದುವಿನಲ್ಲಿ ಕಾಲಿಗೆ ಕಚ್ಚಿದ್ದು ಯಾವುದೆಂದು ತಿಳಿಯುವುದು ಸುಲಭವಲ್ಲ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವ ಊರುಗಳಲ್ಲಿ ಈ ಭಯಕ್ಕೆ ಭಕ್ತಿಯೂ ಬೆರೆತಿರುತ್ತದೆ.

ಕಾರಣ

ಭಯವಾದೊಡನೆ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಹೆಚ್ಚುತ್ತದೆ, ಮೈ ಬೆವರುತ್ತದೆ, ಬಾಯಿ ಒಣಗುತ್ತದೆ. ಉಸಿರಾಟ ತೀವ್ರವಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕುಗ್ಗಿ, ರಕ್ತ ಕ್ಷಾರೀಯವಾಗುತ್ತದೆ. ಅದರಿಂದ ತುಟಿ, ಬೆರಳುಗಳಲ್ಲಿ ಜುಮುಗುಟ್ಟುವಿಕೆ ಕಾಣಿಸಿಕೊಂಡು ಕೈಗಳು ಸೆಟೆದುಕೊಳ್ಳಬಹುದು. ಕೆಲವರಲ್ಲಿ ಎದೆಬಡಿತವೂ ರಕ್ತದೊತ್ತಡವೂ ಥಟ್ಟನೆ ಇಳಿದು ವ್ಯಕ್ತಿ ಮೂರ್ಛೆ ಹೋಗುತ್ತಾನೆ. ನೋಡುವವರಿಗೆ ಇದು ವಿಷವೇರಿದಂತೆಯೇ ತೋರುತ್ತದೆ. ತೀವ್ರ ಭಯವೇ ಮರಣಕ್ಕೆ ಕಾರಣವಾಗಬಹುದೆಂಬ ವಾದವನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1942ರಲ್ಲಿ ಮಂಡಿಸಿದರು.

ಮಂತ್ರ ಚಿಕಿತ್ಸೆ

ಭಾರತದ 2007ರ ರಾಷ್ಟ್ರೀಯ ಹಾವು ಕಡಿತ ಚಿಕಿತ್ಸಾ ಮಾರ್ಗಸೂಚಿಯ ಪ್ರಕಾರ ಶೇ. 70ರಷ್ಟು ಕಡಿತಗಳು ವಿಷರಹಿತ ಹಾವುಗಳವು. ವಿಷದ ಹಾವು ಕಡಿದಾಗಲೂ ಅರ್ಧದಷ್ಟು ಸಂದರ್ಭಗಳಲ್ಲಿ ಮಾತ್ರ ವಿಷ ದೇಹಕ್ಕೆ ಏರುತ್ತದೆ. ಈ ಲೆಕ್ಕದಲ್ಲಿ, ವಿಷ ಇಳಿಸುವವರ ಬಳಿಗೆ ಬರುವ ನೂರು ಜನರಲ್ಲಿ ಸುಮಾರು 85 ಮಂದಿ ಏನೂ ಮಾಡದಿದ್ದರೂ ಗುಣವಾಗುವವರೇ. ಮಂತ್ರ ಕೇಳಿ ಧೈರ್ಯ ಬಂದಾಗ ಉಸಿರು ಹದಕ್ಕೆ ಬಂದು ಕೈಗಳ ಬಿಗಿತ ಸಡಿಲುತ್ತದೆ. ಆದ್ದರಿಂದ ರೋಗಿ ಹೇಳುವ ಉಪಶಮನ ಸುಳ್ಳಲ್ಲ, ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು. ಉಳಿದ 15 ಮಂದಿಗೆ ಇದೇ ನಂಬಿಕೆ ಮಾರಕವಾಗಬಲ್ಲದು. ಏರಿದ ವಿಷವನ್ನು ಯಾವ ಮನೋಬಲವೂ ನಿಷ್ಕ್ರಿಯಗೊಳಿಸದು.

ವ್ಯತ್ಯಾಸ ಗುರುತಿಸುವಿಕೆ

ಕಣ್ಣಿನ ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟವಾಗುವುದು, ಗಾಯದ ಸುತ್ತ ಏರುತ್ತ ಹೋಗುವ ಬಾವು, ಒಸಡಿನ ರಕ್ತಸ್ರಾವ ಇವು ವಿಷದ ಲಕ್ಷಣಗಳು. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಶುದ್ಧ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇರಿಸಿ ಹೆಪ್ಪುಗಟ್ಟುವುದೇ ಎಂದು ಪರೀಕ್ಷಿಸುತ್ತಾರೆ. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಗುರುತಾಗಲಿ ಇಲ್ಲದಿರುವುದೂ ಉಂಟು. ಹೀಗಾಗಿ "ಬರೀ ಭಯ" ಎಂಬ ನಿರ್ಣಯವನ್ನು ಮನೆಯಲ್ಲಿ ಕೈಗೊಳ್ಳುವುದು ಅಪಾಯಕರ.

ರೋಗಿಗೆ ಧೈರ್ಯ ಹೇಳುವುದು ಪ್ರಥಮ ಚಿಕಿತ್ಸೆಯ ಮೊದಲ ಹೆಜ್ಜೆ. ಓಡಾಟದಿಂದ ವಿಷ ಬೇಗ ಹರಡುವುದರಿಂದ ಕಡಿದ ಅಂಗವನ್ನು ಅಲುಗಾಡದಂತೆ ಇರಿಸಿ, ಬಿಗಿಯಾದ ಕಟ್ಟು ಹಾಕದೆ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.